ಬಣ್ಣ ಹಚ್ಚದ ಮೊಟ್ಟೆ

ಮೊಟ್ಟೆಯನ್ನು ನಾನು ಮೊದಲ ಸಲ ಕೈಯಲ್ಲಿ ಹಿಡಿದದ್ದು ಮದುವೆಯಾಗಿ, ಹೈದರಾಬಾದಿಗೆ ಬಂದು, ನಾಲ್ಕು ಮಕ್ಕಳ ಬಾಯಲ್ಲಿ ಟೀಚರ್ ಅನ್ನಿಸಿಕೊಂಡ ಮೇಲೆ. ಧಾರವಾಡದ ನಮ್ಮ ತವರಿನಲ್ಲಿ ಆ ಶಬ್ದವನ್ನೇ ದನಿ ತಗ್ಗಿಸಿ ಆಡುತ್ತಿದ್ದರು. ಪಕ್ಕದ ಮನೆಯವರು ಕಾಗದದಲ್ಲಿ ಸುತ್ತಿ ತರುತ್ತಿದ್ದುದನ್ನು ದೂರದಿಂದಲೇ ನೋಡಿ, ಅದು ಸುಣ್ಣದ ಉಂಡೆಯ ಹಾಗೆ ತಣ್ಣಗೆ ಇದ್ದೀತು ಎಂದುಕೊಂಡಿದ್ದೆ. ಹಾಗಿರಲಿಲ್ಲ. ಅಂಗೈಯಲ್ಲಿಟ್ಟ ಸ್ವಲ್ಪ ಹೊತ್ತಿಗೇ ಅದು ನನ್ನ ಬಿಸಿಯನ್ನು ತಾನು ತೆಗೆದುಕೊಂಡು ನನಗೇ ವಾಪಸು ಕೊಡತೊಡಗಿತು. ಮೈ ಝುಮ್ಮೆಂದಿತು. ಅಯ್ಯ ನಮ್ಮವ್ವ, ಇದು ಬದುಕಿದೆಯಲ್ಲ ಎಂದು ಮೇಜಿನ ಮೇಲೆ ಇಟ್ಟುಬಿಟ್ಟೆ.

ನನ್ನ ಗಂಡ ಸರಕಾರದ ರಕ್ಷಣಾ ಕಾರ್ಖಾನೆಯೊಂದರಲ್ಲಿ ಬಣ್ಣ ಹೊಡೆಯುವ ವಿಭಾಗದಲ್ಲಿದ್ದರು. ಮನೆ ಮಲ್ಕಾಜ್‌ಗಿರಿಯಲ್ಲಿ, ರೈಲಿನ ಸದ್ದಿಗೆ ಪಾತ್ರೆ ಅಲುಗುವಷ್ಟು ಹಳಿಗೆ ಹತ್ತಿರ. ಆ ವರ್ಷಗಳಲ್ಲಿ ಊರಿಗೆ ಊರೇ ಕಂಪ್ಯೂಟರ್ ಕಡೆ ಮುಖ ಮಾಡಿತ್ತು. ಬೆಳಕು ಹರಿಯುವ ಮೊದಲೇ ಕಂಪನಿಯ ಕ್ಯಾಬುಗಳು ಗಲ್ಲಿಗೆ ಬಂದು ಹಾರನ್ ಹೊಡೆದು, ಗಂಡ ಹೆಂಡತಿ ಇಬ್ಬರನ್ನೂ ಹೇರಿಕೊಂಡು ಊರಿನ ಆ ತುದಿಯ ಗಾಜಿನ ಕಟ್ಟಡಗಳಿಗೆ ಒಯ್ಯುತ್ತಿದ್ದವು. ಹಿಂದೆ ಉಳಿದ ಮಕ್ಕಳಿಗಾಗಿ ಗಲ್ಲಿಗೊಂದು ಶಿಶುಶಾಲೆ ಎದ್ದಿತ್ತು. ನಾನು ಹೋಗುತ್ತಿದ್ದ ಶಾಲೆಯೂ ಅಂಥದ್ದೇ. ಅಂಗಳದಲ್ಲಿ ಬೇವಿನ ಮರವಿದ್ದ ಹಳೆಯ ಬಾಡಿಗೆ ಮನೆ, ಮುಂದಿನ ಗೋಡೆಯ ಮೇಲೆ ಕತ್ತು ಡೊಂಕಾದ ಒಂದು ಜಿರಾಫೆ.

ಶಾಲೆ ನಡೆಸುತ್ತಿದ್ದ ಮೇಡಂ ತೆಲುಗಿನವರು. ನಮ್ಮೊಡನೆ ತೆಲುಗು, ಹಿಂದಿ, ಇಂಗ್ಲಿಷ್ ಮೂರನ್ನೂ ಕಲಸಿ ಮಾತಾಡುತ್ತಿದ್ದರು, ಅದೂ ಮೂರು ಮನೆಗೆ ಕೇಳುವ ಗಂಟಲಿನಲ್ಲಿ. ಮನಸ್ಸು ಕೆಟ್ಟದ್ದಲ್ಲ. ಆದರೆ ಪಾಲಕರೆಂದರೆ ಹೆದರಿಕೆ. ‘ನಮ್ಮ ಮಗ ಇವತ್ತು ಏನು ಕಲಿತ’ ಎಂದು ಸಾಯಂಕಾಲ ಫೋನು ಬಂದರೆ ಅವರಿಗೆ ಬಿಕ್ಕಳಿಕೆ ಶುರುವಾಗುತ್ತಿತ್ತು.

ನಮ್ಮ ತರಗತಿಯಲ್ಲಿ ಒಂದು ಹುಡುಗಿ ಇತ್ತು, ನಾಲ್ಕು ವರ್ಷದ್ದು. ಅಪ್ಪ ಅಮ್ಮ ಆ ವರ್ಷವೇ ಬಿಜಾಪುರದಿಂದ ಬಂದವರು, ಇಬ್ಬರಿಗೂ ಹೊಸ ನೌಕರಿ. ಹುಡುಗಿ ಶಾಲೆಗೆ ಸೇರಿದಂದಿನಿಂದ ಒಂದೇ ಒಂದು ಮಾತು ಆಡಿರಲಿಲ್ಲ. ಅತ್ತದ್ದೂ ಇಲ್ಲ, ಹಟ ಮಾಡಿದ್ದೂ ಇಲ್ಲ. ಕೂರಿಸಿದಲ್ಲಿ ಕೂತು, ಎರಡು ದೊಡ್ಡ ಕಣ್ಣಿನಿಂದ ಎಲ್ಲವನ್ನೂ ನೋಡುವುದು. ಇಂಗ್ಲಿಷಿನಲ್ಲಿ ಕೇಳಿದರೂ ಅಷ್ಟೆ, ತೆಲುಗಿನಲ್ಲಿ ಮುದ್ದು ಮಾಡಿದರೂ ಅಷ್ಟೆ. ಯಾರೂ ಇಲ್ಲದಾಗ ನಾನು ಕಿವಿಯ ಹತ್ತಿರ ಬಗ್ಗಿ, “ಏನವಾ, ಉಂಡಿಲ್ಲೇನ?” ಎಂದು ನಮ್ಮ ಕನ್ನಡದಲ್ಲೇ ಕೇಳಿ ನೋಡಿದ್ದೆ. ನನ್ನ ಬಾಯಿಯನ್ನೇ ನೋಡುತ್ತಿತ್ತು, ಅಷ್ಟೆ.

ಅದರ ತಾಯಿಗೆ ಹೇಳಿದರೆ ನಂಬಲೊಲ್ಲಳು. “ಮನ್ಯಾಗ ಬಾಯಿ ಮುಚ್ಚಂಗಿಲ್ರಿ ಟೀಚರ್. ಫ್ಯಾನಿನ ಕೂಡನೂ ಮಾತಾಡ್ತಾಳ!”

ಮೇಡಂ ಮಾತ್ರ ನಿರ್ಧಾರ ಮಾಡಿಬಿಟ್ಟಿದ್ದರು. ಯುಗಾದಿಯೊಳಗೆ ಹುಡುಗಿ ಬಾಯಿ ಬಿಡದಿದ್ದರೆ, ಇಂಥ ಮಕ್ಕಳಿಗೆಂದೇ ಬೇರೆ ಶಾಲೆ ಇರುತ್ತದೆ, ಅಲ್ಲಿಗೆ ಸೇರಿಸಿ ಎಂದು ಹೇಳಿ ಕಳಿಸುವುದು. ಒಂದು ಸಂಜೆ ಗೇಟಿನ ಹತ್ತಿರ ತಾಯಿ ನನ್ನ ಕೈ ಹಿಡಿದುಕೊಂಡಳು. “ಇಲ್ಲಿ ಬ್ಯಾಡ ಅಂದ್ರ ನಾ ನೌಕರಿ ಬಿಡೂದ ರಿ. ಅದು ಹೋದ್ರ ಹೋಗ್ಲಿ. ಆದ್ರ ನನ್ನ ಮಗಳೊಳಗ ಏನೋ ಕೊರತಿ ಐತಿ ಅಂತ ಹೇಳಿ ಕಳಸ್ತಾರಲ್ರಿ, ಅದನ್ನ ನಾ ಹೆಂಗ ತಡಕೊಳ್ಲಿ?” ಯುಗಾದಿ ಇನ್ನೂ ದೂರ ಇದೆ ಎಂದೆ. ಅಷ್ಟು ದೂರವೇನೂ ಇರಲಿಲ್ಲ.

ಆಗ ಬಂತು ಆ ಪುಸ್ತಕ. ಪರದೇಶದಲ್ಲಿ ಒಂದಿಷ್ಟು ಕಾಲ ಇದ್ದು ಬಂದ ಪಾಲಕರೊಬ್ಬರು ಮೇಡಂಗೆ ಕೊಟ್ಟದ್ದು. ದಪ್ಪ ಹಾಳೆ, ತುಂಬ ಚಿತ್ರ. ಮಕ್ಕಳು ವಸಂತ ಋತುವನ್ನು ಕೈಯಿಂದ ಮುಟ್ಟಿ ಕಲಿಯಬೇಕಂತೆ. ಚಿತ್ರದ ಮಕ್ಕಳು ಸ್ವೆಟರ್ ಹಾಕಿಕೊಂಡಿದ್ದವು. ನಮ್ಮವು ಮಾರ್ಚಿ ತಿಂಗಳಿಗೇ ಬೆವರಿ, ಅಂಗಿ ಬಿಚ್ಚಿ ಕೂಲರಿನ ಮುಂದೆ ಬಾಯಿ ತೆರೆದು ನಿಲ್ಲುತ್ತಿದ್ದವು. ಇರಲಿ. ಒಂದು ಪುಟದಲ್ಲಿ ಮಕ್ಕಳು ಮೊಟ್ಟೆಗೆ ಬಗೆಬಗೆಯ ಬಣ್ಣ ಹಚ್ಚುತ್ತಿದ್ದರು. ಮುಂದಿನ ಪುಟದಲ್ಲಿ ಒಡೆದ ಬಣ್ಣದ ಚಿಪ್ಪಿನೊಳಗಿಂದ ಹಳದಿ ಮರಿಯೊಂದು ಇಣುಕುತ್ತಿತ್ತು.

ಮೊಟ್ಟೆ ತಿಂದ ಒಬ್ಬ ಮನುಷ್ಯ ಆ ಶಾಲೆಯಲ್ಲಿದ್ದರೆ ಕಥೆಯೇ ಬೇರೆಯಾಗುತ್ತಿತ್ತು. ಮೇಡಂ ಶುದ್ಧ ಶಾಕಾಹಾರಿ, ನಾನೂ ಹಾಗೇ. ಇಬ್ಬರೂ ಪುಸ್ತಕದ ಮುಂದೆ ತಲೆಗೆ ತಲೆ ಹಚ್ಚಿ ಕೂತು, ಬಣ್ಣ ಹಚ್ಚುವ ಮೊಟ್ಟೆ ಬೇರೆ, ಮರಿ ಮಾಡುವ ಮೊಟ್ಟೆ ಬೇರೆ ಎಂಬುದು ಹೊಳೆಯದೆ, ಮೊದಲು ಬಣ್ಣ ಆಮೇಲೆ ಕಾವು ಎಂದು ಕ್ರಮವಾಗಿ ಓದಿಕೊಂಡೆವು. ಜಾತ್ರೆಯ ಎತ್ತಿಗೆ ಕೋಡು ಬಣ್ಣ ಮಾಡುವುದಿಲ್ಲವೇ, ಹಾಗೆ ಇದೂ ಒಂದು ಸಂಪ್ರದಾಯ ಇರಬೇಕು ಎಂದು ನಾನೇ ಸಮಾಧಾನ ಹೇಳಿದೆ. ಮಕ್ಕಳ ನೀರುಬಣ್ಣ ಕೈಗೆ ಹತ್ತುತ್ತದೆ, ಕಾವಿಗೆ ಕೂರುವ ಕೋಳಿಯ ಕೆಳಗೆ ಅಳಿಸಿಹೋಗುತ್ತದೆ ಎಂದು ಮೇಡಂ ಜಿರಾಫೆ ಬರೆಸಿದಾಗ ಉಳಿದ ಆಯಿಲ್ ಪೇಂಟಿನ ಡಬ್ಬಿಗಳನ್ನೇ ತೆಗೆಸಿದರು.

ಮಗುವಿಗೊಂದು ಮೊಟ್ಟೆ. ಆಹಾ, ಆ ದಿನದ ಸಂಭ್ರಮವೇ! ಮೊಟ್ಟೆಯ ಮೈತುಂಬ ಒಂದು ಬಣ್ಣ ಬಳಿದು, ಅದರ ಮೇಲೆ ಒಂದಕ್ಕೆ ಕೆಂಪು ಚುಕ್ಕಿ, ಇನ್ನೊಂದಕ್ಕೆ ನೀಲಿ ಪಟ್ಟಿ, ಮತ್ತೊಂದರ ಮೇಲೆ ಕಣ್ಣು ಮೂಗು ಮೀಸೆ. ಮಕ್ಕಳ ಮೊಣಕೈವರೆಗೆ ಬಣ್ಣ, ನನ್ನ ಸೀರೆಯ ನೆರಿಗೆಯಲ್ಲೂ ಬಣ್ಣ. ಬಿಜಾಪುರದ ಹುಡುಗಿ ಮಾತ್ರ ಬ್ರಶ್ ಮುಟ್ಟಲಿಲ್ಲ. ಮೊಟ್ಟೆಯನ್ನು ಎರಡೂ ಅಂಗೈಯೊಳಗೆ ಮುಚ್ಚಿಕೊಂಡು ಕೂತಿತ್ತು. ಮೇಡಂ ಬ್ರಶ್ಶನ್ನು ಕೈಗೆ ತುರುಕಲು ನೋಡಿದರೆ ಮುಷ್ಟಿ ಬಿಚ್ಚಲೇ ಇಲ್ಲ. ಕೊನೆಗೆ ತಾನೇ ಎದ್ದು ಹೋಗಿ ಬುಟ್ಟಿಯೊಳಗೆ ಎಲ್ಲ ಬಣ್ಣಗಳ ನಡುವೆ ಇಟ್ಟು ಬಂತು.

“ನೋಡಿದಿರಾ? ಇದೊಂದು ಬೋಳು ಮೊಟ್ಟೆ. ಎಲ್ಲರೂ ಒಂದು ದಾರಿಯಾದರೆ ಇವಳದೇ ಒಂದು” ಎಂದರು ಮೇಡಂ.

“ಇರಲಿ ಬಿಡಿ ಮೇಡಂ, ಕೋಳಿಗೇನು ಬಣ್ಣ ಗೊತ್ತಾಗುತ್ತದೆಯೇ?” ಎಂದು ನಾನು ಮಾತು ಮುಗಿಸಿದೆ. ಆದರೆ ಹುಡುಗಿಯ ಮೇಲೆ ಇನ್ನೊಂದು ದೂರು ಜಮೆಯಾದದ್ದು ನನಗೆ ಕಾಣುತ್ತಿತ್ತು.

ಮೊಟ್ಟೆ ಕೊಟ್ಟ ಹಿಂದಿನ ಗಲ್ಲಿಯ ಮುದುಕಿಯೇ ಸಂಜೆ ಕಾವಿನ ಕೋಳಿಯನ್ನೂ ಕಂಕುಳಲ್ಲಿ ಅವುಚಿಕೊಂಡು ಬಂದಳು. ಗಲ್ಲಿಯವರೆಲ್ಲ ಅವಳನ್ನು ದಾದೀಮಾ ಎನ್ನುತ್ತಿದ್ದರು. ಬುಟ್ಟಿ ನೋಡಿದವಳೇ, “ಹಾಯ್ ಅಲ್ಲಾ! ಅಂಡೋಂಕೋ ಭೀ ಮೆಹೆಂದಿ ಲಗಾದಿಯೇ ಕ್ಯಾ?” ಎಂದು ಕೂತು ನಕ್ಕಳು. ಮೊಟ್ಟೆಗೂ ಮದರಂಗಿ ಹಚ್ಚಿದ್ದನ್ನು ಅವಳು ತನ್ನ ಜನ್ಮದಲ್ಲಿ ಕಂಡಿರಲಿಲ್ಲವಂತೆ. ಇಂಗ್ಲಿಷ್ ಮೀಡಿಯಮ್ಮಿನ ಮೊಟ್ಟೆ ಹೀಗೇ ಇರಬೇಕು, ದೇವರಿಚ್ಛೆ ಎಂದು ಕಣ್ಣೊರೆಸಿಕೊಂಡು, ಗುಡುಗಿಗೆ ಮೊಟ್ಟೆ ಕೆಡಬಾರದೆಂದು ಹುಲ್ಲಿನ ಕೆಳಗೆ ಒಂದು ಕಬ್ಬಿಣದ ಮೊಳೆ, ಒಂದು ಚೂರು ಇದ್ದಿಲು ಇಟ್ಟು, ಕೋಳಿಯನ್ನು ಕೂರಿಸಿ ಹೋದಳು. ಕೋಳಿ ರೆಕ್ಕೆ ಅಗಲಿಸಿ ಎಲ್ಲವನ್ನೂ ಒಳಗೆ ಎಳೆದುಕೊಂಡಿತು.

ಬುಟ್ಟಿಯನ್ನು ಇಟ್ಟದ್ದು ಹಿಂದಿನ ಕೋಣೆಯಲ್ಲಿ, ಮಕ್ಕಳು ಮಧ್ಯಾಹ್ನ ಮಲಗುವ ಜಾಗದಲ್ಲಿ. ಆ ಮಧ್ಯಾಹ್ನಗಳನ್ನು ಈಗ ನೆನೆದರೆ, ಅವು ನಾನು ಬದುಕಿದ ಹೊತ್ತುಗಳೋ ನಿದ್ದೆಯಲ್ಲಿ ಕಂಡವೋ ಎಂದು ಅನುಮಾನ ಬರುತ್ತದೆ. ಹಸಿರು ಪರದೆ ಎಳೆದ ಕೂಡಲೇ ಕೋಣೆಯೆಲ್ಲ ಕೆರೆಯ ತಳದ ಬಣ್ಣಕ್ಕೆ ತಿರುಗುತ್ತಿತ್ತು. ಚಾಪೆಯ ಮೇಲೆ ಸಾಲಾಗಿ ಮಕ್ಕಳು, ಕೂಲರಿನ ಒದ್ದೆ ಲಾವಂಚದ ವಾಸನೆ, ಕಿಟಕಿಯಿಂದ ತೂರಿ ಬಂದು ಮಕ್ಕಳ ಕೂದಲಲ್ಲಿ ಸಿಕ್ಕಿಕೊಳ್ಳುವ ಬೇವಿನ ಹೂ. ಕೋಳಿ ಆಗೊಮ್ಮೆ ಈಗೊಮ್ಮೆ ಗಂಟಲೊಳಗೇ ಏನೋ ಹೇಳಿಕೊಳ್ಳುತ್ತಿತ್ತು. ಎಲ್ಲೋ ಗೂಡ್ಸ್ ರೈಲು ಹೊರಟರೆ ನೆಲ ಸಣ್ಣಗೆ ನಡುಗಿ, ಆ ನಡುಕ ಚಾಪೆಗೆ, ಮಕ್ಕಳ ಬೆನ್ನಿಗೆ, ಬುಟ್ಟಿಗೆ ಹಬ್ಬಿ ನಿಲ್ಲುತ್ತಿತ್ತು. ಎಲ್ಲರೂ ಒಂದೇ ಉಸಿರು ಬಿಡುತ್ತಿದ್ದಾರೆ ಅನ್ನಿಸುತ್ತಿತ್ತು. ನನಗೂ ತೂಕಡಿಕೆ. ಎಚ್ಚರಾಗಿ ನೋಡಿದರೆ ಆ ಹುಡುಗಿಯೊಂದೇ ಮಲಗದೆ, ಕೆನ್ನೆ ನೆಲಕ್ಕಿಟ್ಟು ಕೋಳಿಯನ್ನು ನೋಡುತ್ತಿರುತ್ತಿತ್ತು, ಕೋಳಿ ಅದನ್ನು ನೋಡುತ್ತಿರುತ್ತಿತ್ತು. ಅವೆರಡಕ್ಕೂ ಏನೂ ಅವಸರವಿರಲಿಲ್ಲ. ನನಗೇ ಹೊಟ್ಟೆಕಿಚ್ಚಾಗುತ್ತಿತ್ತು.

ಒಂದು ರಾತ್ರಿ ಊಟಕ್ಕೆ ಮುಂಚೆ ರೊಟ್ಟಿ ಬಡಿಯುತ್ತ ಇದನ್ನೆಲ್ಲ ಗಂಡನ ಮುಂದೆ ಹೇಳುತ್ತಿದ್ದೆ. ಅವರು ಸುಮ್ಮನೆ ಕೇಳಿ, “ಬಣ್ಣ ಯಾವುದು?” ಎಂದರು.

“ಆಯಿಲ್ ಪೇಂಟು.”

“ಏ ಹುಚ್ಚಿ! ನಾವು ಫ್ಯಾಕ್ಟರ್‍ಯಾಗ ಕಬ್ಬಿಣಕ್ಕ ಬಣ್ಣ ಯಾಕ ಹೊಡಿತೀವಿ, ಚಂದ ಕಾಣ್ಲಿ ಅಂತನ? ಗಾಳಿ ಮುಟ್ಟಬಾರದು ಅಂತ. ಒಳಗ ಜೀವ ಐತಿ ಅಂತಿ. ಅದು ಉಸಿರಾಡೂದು ಹೆಂಗ?”

ರೊಟ್ಟಿ ಹಂಚಿನ ಮೇಲೆ ಸೀದು ಕಪ್ಪಾಯಿತು. ನಾನು ಹಾಗೇ ಕೂತೆ. ಮೀಸೆ ಬರೆದ ಮೊಟ್ಟೆ, ಚುಕ್ಕಿಯ ಮೊಟ್ಟೆ, ಎಲ್ಲ ಕಣ್ಣ ಮುಂದೆ ಬಂದವು. ಅಳು ಬಂತು, ಸಿಟ್ಟೂ ಬಂತು. ಆ ಪುಸ್ತಕ ಬರೆದವರು ಕೈಗೆ ಸಿಕ್ಕಿದ್ದರೆ ಲಟ್ಟಣಿಗೆ ಮುರಿಯುತ್ತಿತ್ತು.

ಮರುದಿನ ಮಕ್ಕಳು ಮಲಗಿದ ಮೇಲೆ, ಕೋಳಿ ಕಾಳು ತಿನ್ನಲು ಇಳಿದಾಗ ಬುಟ್ಟಿಯ ಹತ್ತಿರ ಹೋದೆ. ಮೇಲಿನ ಬೆಳಕಿಂಡಿಯ ಗಾಜು ಒಡೆದಿತ್ತು. ಅಲ್ಲಿಂದ ಬಿಸಿಲಿನ ಕೋಲೊಂದು ಕತ್ತಲ ಕೋಣೆಯೊಳಗೆ ಓರೆಯಾಗಿ ಇಳಿಯುತ್ತಿತ್ತು. ಬಣ್ಣದ ಮೊಟ್ಟೆಗಳನ್ನು ಒಂದೊಂದಾಗಿ ಆ ಬಿಸಿಲಿಗೆ ಹಿಡಿದೆ. ಕಲ್ಲಿನ ಹಾಗೆ ಕಪ್ಪು. ಕೊನೆಗೆ ಬೋಳು ಮೊಟ್ಟೆ ಹಿಡಿದೆ. ಇಡೀ ಮೊಟ್ಟೆ ಕೆಂಡದ ಬಣ್ಣಕ್ಕೆ ತಿರುಗಿತು. ಒಳಗೆ ಕೆಂಪು ಎಳೆಗಳು, ಎಳೆಗಳ ನಡುವೆ ಒಂದು ಕಪ್ಪು ಚುಕ್ಕಿ. ಆ ಚುಕ್ಕಿ ಮಿಸುಕಿತು.

ನನ್ನ ಮುಂಗೈಗೆ ಬಿಸಿ ಉಸಿರು ತಾಗಿತು. ಹುಡುಗಿ ಯಾವಾಗ ಬಂದು ಪಕ್ಕದಲ್ಲಿ ನಿಂತಿತ್ತೋ! ಮೊಟ್ಟೆಯನ್ನು ಅದರ ಕಣ್ಣಿನ ಮಟ್ಟಕ್ಕೆ ಇಳಿಸಿದೆ. ಬಹಳ ಹೊತ್ತು ನೋಡಿತು. ಆಮೇಲೆ ನಾನೂ ಕಂಡೆನೋ ಇಲ್ಲವೋ ಎಂದು ಖಾತ್ರಿ ಮಾಡಿಕೊಳ್ಳುವಂತೆ ನನ್ನ ಮುಖ ನೋಡಿತು. “ಕಂಡ್ತನ?” ಎಂದು ಪಿಸುಗುಟ್ಟಿದೆ. ತಲೆ ಆಡಿಸಿತು. ಅಷ್ಟು ತಿಂಗಳಲ್ಲಿ ಅದು ನನಗೆ ಕೊಟ್ಟ ಮೊದಲ ಉತ್ತರ. ನಾನು ಸೆರಗಿನಿಂದ ಮುಖ ಒರೆಸಿಕೊಂಡು ಮೊಟ್ಟೆಯನ್ನು ಜಾಗಕ್ಕಿಟ್ಟೆ.

ಬಣ್ಣ ಹಚ್ಚಿದವು ಬದುಕಿಲ್ಲ ಎಂದು ಮೇಡಂಗೆ ಹೇಳಿದೆ. “ಇಪ್ಪುಡೇಂ ಚೇದ್ದಾಂ? ಈಗೇನು ಮಾಡೋಣ?” ಎಂದು ಕುರ್ಚಿಯಲ್ಲಿ ಕುಸಿದರು. ಪಾಲಕರ ಫೋನುಗಳೆಲ್ಲ ಒಮ್ಮೆಲೇ ಕಿವಿಯಲ್ಲಿ ಬಾರಿಸಿರಬೇಕು. ಒಂದಾದರೂ ಬದುಕಿದೆ ಎಂದೆ. ಯಾವುದು ಎಂದೂ ಹೇಳಿದೆ. ಅವರು ಕುರ್ಚಿಯಲ್ಲಿ ನೆಟ್ಟಗೆ ಕೂತರು. “ಮರಿ ಬರಲಿ, ಸಂತೋಷ. ಅದರಿಂದ ಹುಡುಗಿಗೆ ಬಾಯಿ ಬಂದಂತಾಯಿತೇ? ಹಬ್ಬದ ರಜೆಯ ಹಿಂದಿನ ದಿನ ತಾಯಿಯನ್ನು ಬರಹೇಳಿದ್ದೇನೆ” ಎಂದರು.

“ತಲೆ ಆಡಿಸಿದಳು ಮೇಡಂ.”

“ತಲೆ ನಮ್ಮ ಜಿರಾಫೆಯೂ ಆಡಿಸುತ್ತದೆ, ನಿಮಗೆ ನಿದ್ದೆ ಬಂದಾಗ.” ನನಗೆ ಎಷ್ಟು ಉರಿಯಿತೆಂದರೆ ಚಹಾ ಕುಡಿಯದೆ ಎದ್ದು ಬಂದೆ.

ಅದಾದ ಕೆಲವು ದಿನಕ್ಕೆ ಹೊತ್ತಲ್ಲದ ಹೊತ್ತಿನಲ್ಲಿ ಮೋಡ ಕಟ್ಟಿತು. ಮಕ್ಕಳಿನ್ನೂ ಅರೆನಿದ್ದೆಯಲ್ಲಿದ್ದಾಗ ತಲೆಯ ಮೇಲೆಯೇ ಆಕಾಶ ಬಿರಿದ ಹಾಗೆ ಗುಡುಗಿತು, ಕರೆಂಟು ಹೋಯಿತು, ಛಾವಣಿಯ ಮೇಲೆ ಆಲಿಕಲ್ಲು ಸುರಿಯತೊಡಗಿತು. ಮಕ್ಕಳೆಲ್ಲ ಚೀರಿ ನನ್ನನ್ನು ಮುತ್ತಿದವು. ಕೋಳಿಯೂ ಹೆದರಿ ಹಾರಿ ಕಿಟಕಿಯ ಕಟ್ಟೆ ಹತ್ತಿತು. ಕಾಲಿಗೆ ಜೋತುಬಿದ್ದ ಮಕ್ಕಳಿಂದ ಬಿಡಿಸಿಕೊಂಡು ನೋಡುವಷ್ಟರಲ್ಲಿ ಹುಡುಗಿ ಬುಟ್ಟಿಯ ಪಕ್ಕ ಕೂತು, ತನ್ನ ಮೊಟ್ಟೆಯನ್ನು ಫ್ರಾಕಿನ ಮಡಿಲಲ್ಲಿ ಮುಚ್ಚಿಟ್ಟುಕೊಂಡು, ಮೇಲೆ ಎರಡೂ ಕೈ ಇಟ್ಟುಕೊಂಡಿತ್ತು. ಗುಡುಗಿದಾಗೆಲ್ಲ ಹುಡುಗಿಯ ಭುಜ ಹಾರುತ್ತಿತ್ತು, ಕೈ ಅಲುಗುತ್ತಿರಲಿಲ್ಲ. ಕೋಳಿ ಇಳಿದು ಬಂದು ಸುತ್ತು ಹಾಕುವವರೆಗೂ ಹಾಗೇ ಕೂತಿದ್ದು, ಆಮೇಲೆ ತಾನೇ ಅದರ ಕೆಳಗೆ ಸರಿಸಿತು. ಈ ಹುಡುಗಿಯೊಳಗೆ ಕೊರತೆ ಹುಡುಕುವವರ ಕಣ್ಣಿಗೆ ಏನಾಗಿದೆ ಎಂದು ಯಾರನ್ನೂ ಅಲ್ಲದೆ ಎಲ್ಲರನ್ನೂ ಬೈದುಕೊಂಡೆ.

ಹಬ್ಬದ ರಜೆಯ ಹಿಂದಿನ ದಿನ ಬಂದೇ ಬಂತು. ಬೆಳಿಗ್ಗೆ ಬುಟ್ಟಿ ನೋಡಿದರೆ ಬೋಳು ಮೊಟ್ಟೆಗೆ ಸಣ್ಣದೊಂದು ತೂತು ಬಿದ್ದಿದೆ! ಮಕ್ಕಳನ್ನೆಲ್ಲ ಸುತ್ತ ಕೂರಿಸಿದೆ. ಮರಿ ಒಳಗಿನಿಂದ ದಾರಿ ಮಾಡಿಕೊಂಡು ಬರುತ್ತಿದೆ, ಅದಕ್ಕೆ ಬಹಳ ದಣಿವಾಗಿರುತ್ತದೆ, ಯಾರೂ ಸದ್ದು ಮಾಡಬಾರದು ಎಂದೆ. ಸದ್ದು ಮಾಡಬಾರದು ಎಂದು ನಾನು ಆ ವರ್ಷವೆಲ್ಲ ಅರಚಿದ್ದೇನೆ, ಒಂದು ದಿನವೂ ಕೇಳಿರಲಿಲ್ಲ. ಅಂದು ಕೇಳಿದವು. ಯಾರೋ ಹೇಳಿಕೊಟ್ಟಂತೆ ಒಂದೊಂದೇ ಮಗು ಆ ಹುಡುಗಿಯ ಕಡೆ ನೋಡಿ, ಅವಳು ಕೂತ ಹಾಗೆಯೇ ಕೈ ಮಡಿಲಲ್ಲಿಟ್ಟುಕೊಂಡು ಕೂತಿತು. ಕೂಲರಿನ ಸದ್ದು, ಕೋಳಿಯ ಗಂಟಲ ಮಾತು, ಚಿಪ್ಪು ಚಿಟಿಚಿಟಿ ಎನ್ನುವುದು, ಇಷ್ಟೇ. ಹಸಿರು ಬೆಳಕಿನಲ್ಲಿ ಎಷ್ಟು ಹೊತ್ತು ಕಳೆಯಿತೋ ತಿಳಿಯದು. ಚಿಪ್ಪು ಎರಡಾಗಿ, ಒದ್ದೆ ಮಸಿಬಟ್ಟೆಯಂಥ ಏನೋ ಒಂದು ಹೊರಗೆ ಬಿದ್ದು, ತಲೆ ಎತ್ತಲು ನೋಡಿ, ಮತ್ತೆ ಮಲಗಿತು. ಪುಸ್ತಕದ ಹಳದಿ ಮರಿಗೆ ಕಾದಿದ್ದ ಒಂದು ಮಗು ನನ್ನ ಸೀರೆ ಜಗ್ಗಿ, ಇದು ಕೋಳಿಮರಿ ಅಲ್ಲ ಎಂದು ತೆಲುಗಿನಲ್ಲಿ ಪಿಸುಗುಟ್ಟಿತು.

ಅದೇ ಹೊತ್ತಿಗೆ ಬಾಗಿಲಲ್ಲಿ ಮೇಡಂ. ಹಿಂದೆ ಹುಡುಗಿಯ ತಾಯಿ, ಆಫೀಸಿನ ಬ್ಯಾಡ್ಜು ಕೊರಳಲ್ಲಿ, ಅತ್ತು ಕೆಂಪಾದ ಕಣ್ಣು. ಹೇಳುವುದನ್ನು ಹೇಳಿ ಆಗಿತ್ತೆಂದು ನನಗೆ ನೋಡಿದ ಕೂಡಲೇ ಗೊತ್ತಾಯಿತು. ಮಗಳನ್ನು ಕರೆದೊಯ್ಯಲು ಬಂದಿದ್ದಳು.

ಮೇಡಂ ಮಾತ್ರ ಮರಿಯನ್ನು ಕಂಡು ಎಲ್ಲ ಮರೆತರು. “ಅಯ್ಯೋ, ವಚ್ಚೇಸಿಂದಾ! ಬಂದೇಬಿಟ್ಟಿತಾ!” ಎಂದು ಮೂರು ಮನೆಗೆ ಕೇಳುವ ಗಂಟಲಿನಲ್ಲಿ ಕೂಗಿ, ಬಗ್ಗಿ, ಚಪ್ಪಾಳೆ ತಟ್ಟಿದರು. “ಎಲ್ಲರೂ ಹಲೋ ಹೇಳಿ! ಏ ಚಿನ್ನಾ, ಮಾತಾಡು, ಮಾತಾಡು! ಚಿಂವ್ ಚಿಂವ್ ಅನ್ನು!”

“ಶ್!”

ಹುಡುಗಿ ತಿರುಗಿ, ಬೆರಳು ತುಟಿಗಿಟ್ಟು, ಮೇಡಂ ಮುಖವನ್ನೇ ದುರುಗುಟ್ಟಿ ನೋಡುತ್ತಿತ್ತು.

“ಅದನ್ನ ಮಾತಾಡಸಬ್ಯಾಡ್ರಿ” ಎಂದಿತು. ಸ್ವಲ್ಪ ಒಡೆದ, ಗಟ್ಟಿ ದನಿ. “ಈಗರ ಬಂದೈತಿ. ಇನ್ನಾ ನೋಡಾಕತ್ತೈತಿ.”

ತಾಯಿ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಆ ಕೋಣೆಯಲ್ಲಿ ಹುಡುಗಿಯನ್ನು ಬಿಟ್ಟರೆ ಕನ್ನಡ ತಿಳಿದವರು ಅವಳು ಮತ್ತು ನಾನು ಇಬ್ಬರೇ. “ಏನಂತಾಳೆ? ಏನಂತಾಳೆ?” ಎಂದು ಮೇಡಂ ನನ್ನನ್ನು ಕೇಳಿದರು. ಅದನ್ನು ಮಾತಾಡಿಸಬೇಡಿ, ಈಗಷ್ಟೇ ಬಂದಿದೆ, ಇನ್ನೂ ನೋಡುತ್ತಿದೆ ಅಂತಾಳೆ, ಎಂದು ನಾನು ಹಿಂದಿಯಲ್ಲಿ ಹೇಳಹೊರಟೆ. ಕೊನೆಯರ್ಧವನ್ನು ಅಳುತ್ತಲೇ ಹೇಳಿದೆ, ಯಾರು ಏನಾದರೂ ಅಂದುಕೊಳ್ಳಲಿ ಎಂದು.

ಮೇಡಂ ನಿಂತೇ ಇದ್ದರು. ಮರಿಯನ್ನು ನೋಡಿದರು, ಆಮೇಲೆ ಬಹಳ ಹೊತ್ತು ಹುಡುಗಿಯನ್ನು ನೋಡಿದರು. ಆಮೇಲೆ ಚಪ್ಪಲಿ ಬಾಗಿಲಲ್ಲೇ ಬಿಟ್ಟು, ಮೊಣಕಾಲು ಹಿಡಿದುಕೊಂಡು, ಉಸ್ಸೆಂದು ಆ ಹುಡುಗಿಯ ಹಿಂದೆ ಚಾಪೆಯ ಮೇಲೆ ಕೂತುಬಿಟ್ಟರು. ತಿರುಗದೆಯೇ ತಾಯಿಗೆ ಹೇಳಿದರು. ಅವರಿಗೆ ಅಷ್ಟು ಸಣ್ಣ ದನಿಯೂ ಇದೆ ಎಂದು ನನಗೆ ಗೊತ್ತಿರಲಿಲ್ಲ.

“ನೀವು ಆಫೀಸಿಗೆ ಹೋಗಿ ಅಮ್ಮಾ. ಇವಳು ಇಲ್ಲೇ ಇರಲಿ. ಹಬ್ಬ ಮುಗಿದ ಮೇಲೂ ಕಳಿಸಿ. ನೋಡಲಿ, ಎಷ್ಟು ದಿನ ಬೇಕೋ ಅಷ್ಟು ದಿನ ನೋಡ—”

ಹುಡುಗಿ ಹಿಂದೆ ಕೈ ಚಾಚಿ ಅವರ ಮೊಣಕಾಲು ತಟ್ಟಿ, “ಶ್!” ಎಂದಿತು. ಮೇಡಂ ಬಾಯಿ ಮುಚ್ಚಿಕೊಂಡರು.